ಹಿಂದಕ್ಕೆ ನಡೆದ ಪಾರಿವಾಳ

ಹರ್ಷದ ಮಗದುಮನಿಗೆ ಅನುಮಾನ ಪಡಲು ಕಾರಣ ಬೇಕಿರಲಿಲ್ಲ, ಪುರುಸೊತ್ತು ಇದ್ದರೆ ಸಾಕಿತ್ತು. ಹಾಲಿನವನು ನಗುತ್ತ ಬಂದರೆ ಇವತ್ತು ನೀರು ಜಾಸ್ತಿ ಬೆರೆಸಿದ್ದಾನೆ ಎನ್ನುತ್ತಿದ್ದ. ಮುಖ ಗಂಟಿಕ್ಕಿಕೊಂಡು ಬಂದರೆ ನಿನ್ನೆಯೇ ಬೆರೆಸಿದ್ದ, ಇವತ್ತು ಮುಖ ತೋರಿಸಲು ನಾಚಿಕೆ ಎನ್ನುತ್ತಿದ್ದ. ದೇವರು ಎರಡು ಕಣ್ಣು ಕೊಟ್ಟದ್ದೇ ಒಂದು ನೋಡಿದ್ದನ್ನು ಇನ್ನೊಂದು ತಾಳೆ ಹಾಕಲಿ ಎಂದು, ಇದು ಅವನ ಸಿದ್ಧಾಂತ. ಇಂಥವರಿಗೆ ನಿದ್ದೆ ಕಡಿಮೆ, ಸ್ನೇಹಿತರು ಇನ್ನೂ ಕಡಿಮೆ.

ಕೊಲ್ಹಾಪುರದ ರಾಜಾರಾಮಪುರಿಯಲ್ಲಿ ಔಷಧಿ ಅಂಗಡಿಯೊಂದರ ಮೇಲಿನ ಮಾಳಿಗೆಯಲ್ಲಿ ಅವನ ಅನಿಮೇಶನ್ ಸ್ಟುಡಿಯೋ. ಯಂತ್ರದ ಹೊಟ್ಟೆಯೊಳಗೆ ಏನು ನಡೆಯುತ್ತದೆ ಎಂಬುದನ್ನು ಕ್ಯಾಮೆರಾ ತೋರಿಸಲಾರದು. ಅದನ್ನು ಕಂಪ್ಯೂಟರಿನಲ್ಲಿ ಚಿತ್ರ ಬರೆದು, ಕುಣಿಸಿ ತೋರಿಸುವುದು ಇವರ ಕಸುಬು. ಶಿರೋಳಿಯ ಕಾರ್ಖಾನೆಗಳವರು ಹೊಸ ಯಂತ್ರ ಮಾರಬೇಕಾದಾಗ ಇಲ್ಲಿಗೆ ಬರುತ್ತಿದ್ದರು. ಒಂದು ಕಾಲಕ್ಕೆ ಕುರ್ಚಿ ಸಾಲದೆ ಸ್ಟೂಲು ಹಾಕಿಕೊಂಡು ಕೂರುವಷ್ಟು ಜನರಿದ್ದರು. ಸೌರಭ ಎಂಬ ಪಾಲುದಾರನೂ ಇದ್ದ. ಸೌರಭ ಫೈಲುಗಳನ್ನು ಹೊರಗೆ ಸಾಗಿಸುತ್ತಾನೆ ಎಂದು ಹರ್ಷದನಿಗೆ ಹೇಗೋ ಅನಿಸಿ, ಒಂದು ಸಂಜೆ ಎಲ್ಲರ ಎದುರಿಗೇ ಬಾಗಿಲಲ್ಲಿ ನಿಲ್ಲಿಸಿ ಅವನ ಚೀಲ ಬಿಚ್ಚಿಸಿದ. ಒಳಗಿದ್ದದ್ದು ಖಾಲಿ ಊಟದ ಡಬ್ಬಿ, ಮಗಳಿಗೆಂದು ಕೊಂಡ ಬಣ್ಣದ ಪೆನ್ಸಿಲು. ಮರುದಿನದಿಂದ ಸೌರಭ ಬರಲಿಲ್ಲ. ಗಡಹಿಂಗ್ಲಜದಲ್ಲಿ ತನ್ನದೇ ಸ್ಟುಡಿಯೋ ತೆರೆದ.

"ನೋಡಿದಿ? ಮೊದಲ ಎಲ್ಲಾ ತಯಾರಿ ಮಾಡಿಟ್ಟಿದ್ದ" ಎಂದು ಹರ್ಷದ ತಾಯಿಗೆ ಹೇಳಿದ.

"ಚೀಲದಾಗ ಏನೂ ಸಿಗಲಿಲ್ಲಲ್ಲೋ" ಎಂದರು ಮಂಗಲಬಾಯಿ.

"ಅದನ್ನ ನಾನೂ ಹೇಳೂದು. ಭಾಳ ಶಾಣ್ಯಾ ಇದ್ದಾನ."

ಹೀಗೆ ಒಬ್ಬೊಬ್ಬರಾಗಿ ಎಲ್ಲರೂ ಎದ್ದುಹೋಗಿ ಕಡೆಗೆ ಉಳಿದವಳು ರುತುಜಾ ಒಬ್ಬಳೇ. ಗಡಹಿಂಗ್ಲಜದ ಹತ್ತಿರದ ನೂಲ ಎಂಬ ಹಳ್ಳಿಯ ಹುಡುಗಿ. ಕೆಲಸ ಕಲಿತದ್ದು ಹರ್ಷದನ ಹತ್ತಿರವೇ. ಇಚಲಕರಂಜಿಯ ಶಹಾಪುರಕ್ಕೆ ಮದುವೆಯಾಗಿ ಹೋದ ಮೇಲೆ ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ಅವಳಿಲ್ಲದಿದ್ದರೆ ಸ್ಟುಡಿಯೋ ಎಂದರೆ ಒಂದು ಬೋರ್ಡು ಮತ್ತು ಹರ್ಷದ, ಅಷ್ಟೇ. ಅವನಿಗೆ ಗಿರಾಕಿ ಹಿಡಿಯಲು ಬರುತ್ತಿತ್ತು, ಚಿತ್ರ ಕುಣಿಸುವ ಕೈ ಅವಳದು. ಇದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಅವಳ ಮೇಲೆ ಎಲ್ಲರಿಗಿಂತ ಹೆಚ್ಚು ಅನುಮಾನ.

ಈಗ ಶಿರೋಳಿಯ ಫೌಂಡ್ರಿಯೊಂದು ಹೊಸ ಯಂತ್ರದ ಫಿಲ್ಮ್ ಕೊಟ್ಟಿತ್ತು. ಕಾದು ಕರಗಿದ ಕಬ್ಬಿಣವನ್ನು ಸಾಲು ಅಚ್ಚುಗಳಿಗೆ ಒಂದೊಂದಾಗಿ ಸುರಿಯುತ್ತ ಹೋಗುವ ಯಂತ್ರ. ಇದು ಸರಿಹೋದರೆ ಮುಂದಿನ ಕೆಲಸವೆಲ್ಲ ನಿಮಗೇ ಎಂದಿದ್ದರು. ನಕ್ಷೆ ಮಾತ್ರ ಬೇರೆಯವರ ಕಣ್ಣಿಗೆ ಬೀಳಬಾರದು ಎಂದೂ ಎಚ್ಚರಿಸಿದ್ದರು. ಹರ್ಷದನಿಗೆ ಅಷ್ಟು ನೆವ ಸಾಕಾಯಿತು. ರುತುಜಾಳ ಮನೆಯ ಮೇಜಿಗೆ ಕ್ಯಾಮೆರಾ ಹಚ್ಚಿಸಿದ. ಮುಂಜಾನೆಯಿಂದ ಸಂಜೆಯವರೆಗೆ ಅವಳು ಕೂತಿರುವುದು ಅವನ ಪರದೆಯ ಮೂಲೆಯಲ್ಲಿ ಕಾಣುತ್ತಿರಬೇಕು ಎಂದು ಕಾಯಿದೆ ಮಾಡಿದ.

ಈ ರೋಗಕ್ಕೊಂದು ವಂಶಾವಳಿಯೂ ಇತ್ತು. ಹರ್ಷದನ ತಂದೆ ಮಹಾವೀರ ಮಗದುಮರು ಇಚಲಕರಂಜಿಯಲ್ಲಿ ವಿದ್ಯುತ್ ಮಗ್ಗಗಳ ಶೆಡ್ಡು ನಡೆಸಿದವರು. ಆ ಊರಿನ ಮಾಲೀಕರು ಮಗ್ಗವನ್ನು ಕಣ್ಣಿನಿಂದ ಕಾಯುವುದಿಲ್ಲ, ಕಿವಿಯಿಂದ ಕಾಯುತ್ತಾರೆ. ಹೊರಗೆ ಗಾದಿಯ ಮೇಲೆ ಕೂತಿದ್ದರೂ ಒಳಗಿನ ಖಟಖಟದಲ್ಲಿ ಒಂದು ಮಗ್ಗ ನಿಂತರೆ ತಟ್ಟನೆ ಗೊತ್ತಾಗಬೇಕು. ಇದನ್ನು ಅರಿತ ಒಬ್ಬ ನೇಕಾರ ಒಂದು ಯುಕ್ತಿ ಮಾಡಿದ. ಹೊಕ್ಕಿನ ನೂಲು ಮುಗಿದರೆ ಮಗ್ಗವನ್ನು ನಿಲ್ಲಿಸುವ ತಂತಿಯೊಂದಿರುತ್ತದೆ. ಅದನ್ನು ಕಟ್ಟಿಹಾಕಿ ಮಗ್ಗ ಓಡಲು ಬಿಟ್ಟು ಮಲಗಿದ. ನೂಲು ಒಯ್ಯುವ ಲಾಳಿ ಖಾಲಿಯಾಗಿಯೇ ಅತ್ತಿಂದಿತ್ತ ಓಡಿತು, ಖಟಖಟ ಕೇಳಿಸಿತು, ಒಂದು ಗೇಣು ಬಟ್ಟೆಯೂ ಆಗಲಿಲ್ಲ. ಅಂದಿನಿಂದ ಮಹಾವೀರರ ಬಾಯಲ್ಲಿ ಒಂದೇ ಮಾತು: "ಸಪ್ಪಳಾ ನಂಬಬ್ಯಾಡ, ಅರಿವಿ ಮುಟ್ಟಿ ನೋಡು." ಮಗನ ಕಿವಿಗೆ ಹೊಕ್ಕಿದ್ದು ಅದರ ಅರ್ಧ. ನಂಬಬ್ಯಾಡ ಎಂಬುದು ಗಟ್ಟಿಯಾಗಿ ಕೂತಿತು, ಬಟ್ಟೆ ಮುಟ್ಟುವ ಮಾತು ಹಾರಿಹೋಯಿತು.

ಫಿಲ್ಮಿನ ಕೆಲಸ ಅರ್ಧಕ್ಕೆ ಬಂದಾಗ ರುತುಜಾ ಫೋನ್ ಮಾಡಿದಳು.

"ಸರ್, ನಮ್ಮವ್ವ ಹಿತ್ತಲದಾಗ ಜಾರಿ ಬಿದ್ದಾಳ್ರಿ. ಕಾಲು ಮುರದೈತಿ. ಅಕೀನ್ನ ನೋಡ್ಕೊಳ್ಳಾಕ ಅಲ್ಲಿ ಯಾರೂ ಇಲ್ರಿ. ನೂಲಕ್ಕ ಹೋಗಿ ಅಲ್ಲಿಂದನ ಕೆಲಸಾ ಮಾಡ್ತೇನ್ರಿ."

"ನೂಲ ಅಂದ್ರ ಗಡಹಿಂಗ್ಲಜ ಬಾಜೂಕ ಬರ್ತೈತಲ್ಲ?"

"ಹೌದ್ರಿ."

ಹರ್ಷದನ ತಲೆಯಲ್ಲಿ ಗಡಹಿಂಗ್ಲಜ ಎಂಬ ಊರಿರಲಿಲ್ಲ, ಸೌರಭ ಎಂಬ ಮನುಷ್ಯ ಮಾತ್ರ ಇದ್ದ. "ಬ್ಯಾಡ" ಎಂದ. "ಜಾಗಾ ಬದಲಿ ಮಾಡೂಹಂಗಿಲ್ಲ. ರಜಾನೂ ಇಲ್ಲ. ಫಿಲ್ಮ್ ಮುಗೀಲಿ, ಆಮ್ಯಾಲ ನೋಡೂಣು."

"ಆತ್ರಿ ಸರ್" ಎಂದಳು ರುತುಜಾ.

ಇಷ್ಟು ಸುಲಭವಾಗಿ ಒಪ್ಪಿದಳಲ್ಲ, ಇದರಲ್ಲೇನೋ ಇದೆ ಎಂದುಕೊಂಡ ಹರ್ಷದ. ಈ ಒಂದು ಸಲ ಅವನ ಅನುಮಾನ ಸರಿಯಾಗಿತ್ತು. ಸದಾ ಅನುಮಾನ ಪಡುವವನಿಗೆ ಒಮ್ಮೊಮ್ಮೆ ಇಂಥ ದುರದೃಷ್ಟವೂ ಒದಗುತ್ತದೆ.

ಮುಂದಿನ ದಿನಗಳಲ್ಲಿ ರುತುಜಾ ಪರದೆಯ ಮೂಲೆಯಲ್ಲಿ ಕದಲದೆ ಕೂತಿದ್ದಳು. ಮಾನಿಟರಿನ ಕಡೆ ಮುಖ, ಕೈ ಮೌಸಿನ ಮೇಲೆ, ಆಗಾಗ ಹಣೆಯ ಮೇಲಿನ ಕೂದಲು ಸರಿಸುವುದು. ಪ್ರತಿ ಸಂಜೆ ಅವಳು ಮುಗಿಸಿದ ಶಾಟ್ ಆಫೀಸಿನ ಆನ್‌ಲೈನ್ ಫೋಲ್ಡರಿಗೆ ಬಂದು ಬೀಳುತ್ತಿತ್ತು. ಹರ್ಷದ ಅವನ್ನು ತೆರೆದು ನೋಡಲಿಲ್ಲ. ಅವಳು ಕೂತಿರುವುದನ್ನು ನೋಡುವುದರಲ್ಲೇ ಅವನಿಗೆ ದಿನ ಮುಗಿಯುತ್ತಿತ್ತು.

ಮಗದುಮರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಜೈನರ ಮನೆಯ ಈ ಕಟ್ಟಳೆಯನ್ನು ಹರ್ಷದ ತಪ್ಪಿಸಿದವನಲ್ಲ. ಮನೆ ಸ್ಟುಡಿಯೋದ ಹಿಂದಿನ ಗಲ್ಲಿಯಲ್ಲೇ ಇತ್ತು. ಆ ದಿನ ಸಂಜೆ ಮಂಗಲಬಾಯಿ ಫೋನ್ ಮಾಡಿ, "ಹೊತ್ತು ಮುಳುಗಾಕತ್ತೈತಿ, ಉಣ್ಣಾಕ ಬಾರೋ" ಎಂದು ಕರೆದರು. ಅವನು ಹೋಗಿ ಲಗುಬಗೆಯಿಂದ ಉಂಡು, ಕೈ ಒರೆಸಿಕೊಳ್ಳುತ್ತ ಮೆಟ್ಟಿಲು ಹತ್ತಿ ಬಂದ. ಆಗ ರಾಜಾರಾಮಪುರಿಯ ಬೀದಿದೀಪಗಳು ಹೊತ್ತಿದ್ದವು. ಪರದೆಯ ಮೂಲೆ ನೋಡಿದ. ರುತುಜಾ ಕೂತಿದ್ದಳು. ಅವಳ ಬೆನ್ನ ಹಿಂದಿನ ಕಿಟಕಿಯ ಸರಳುಗಳ ಮೇಲೆ ಹಳದಿ ಬಿಸಿಲು ಬಿದ್ದಿತ್ತು.

ಹರ್ಷದ ತನ್ನ ಕಿಟಕಿಯ ಹೊರಗೆ ನೋಡಿದ. ಕತ್ತಲೆ. ಮತ್ತೆ ಅವಳ ಕಿಟಕಿ ನೋಡಿದ. ಬಿಸಿಲು. ಇಚಲಕರಂಜಿ ಇರುವುದು ಕೊಲ್ಹಾಪುರದ ಪೂರ್ವಕ್ಕೆ, ಕತ್ತಲಾಗುವುದಿದ್ದರೆ ಅಲ್ಲಿ ಒಂದು ಕ್ಷಣ ಮೊದಲೇ ಆಗಬೇಕು.

ಇಷ್ಟು ದಿನ ಅವಳನ್ನು ಬಿಟ್ಟು ಬೇರೇನೂ ನೋಡದಿದ್ದವನು ಈಗ ಕುರ್ಚಿ ಎಳೆದುಕೊಂಡು ಹತ್ತಿರ ಕೂತು ಕಿಟಕಿಯನ್ನೇ ನೋಡಿದ. ಕಿಟಕಿಯ ಕಟ್ಟೆಗೆ ಒಂದು ಪಾರಿವಾಳ ಹಾರಿ ಬಂದು ಕೂತಿತು. ಕತ್ತು ಕೊಂಕಿಸಿ ಒಳಗೆ ನೋಡಿ ಸರಳುಗಳ ಗುಂಟ ನಾಲ್ಕು ಹೆಜ್ಜೆ ನಡೆಯಿತು. ರುತುಜಾ ಕೂದಲು ಸರಿಸಿದಳು. ಆಮೇಲೆ ಪಾರಿವಾಳ ಬಂದ ದಾರಿಯಲ್ಲೇ ಹಿಂದಕ್ಕೆ ನಡೆಯತೊಡಗಿತು. ತಿರುಗಲಿಲ್ಲ, ಮುಖ ಮುಂದೆಯೇ ಇತ್ತು, ಕಾಲು ಹಿಂದೆ ಹಿಂದೆ ಹೋಗುತ್ತಿದ್ದವು. ಅಂಚಿಗೆ ಬಂದು ರೆಕ್ಕೆ ಬಿಚ್ಚಿ, ಬಾಲ ಮುಂದಾಗಿ ಹಾರಿಹೋಯಿತು. ಸರಿಸಿದ ಕೂದಲು ರುತುಜಾಳ ಹಣೆಗೆ ತಾನಾಗಿ ಬಂದು ಬಿತ್ತು.

ಹರ್ಷದನ ಮೈ ಜುಮ್ಮೆಂದಿತು. ಆ ಮೇಲೆ ಸಿಟ್ಟು ಬಂತು, ಯಾಕೆಂದರೆ ಈ ವಿದ್ಯೆ ಅವನದೇ. ರುತುಜಾ ಹೊಸದಾಗಿ ಬಂದಾಗ, ತಿರುಗುವ ಚಕ್ರವೊಂದನ್ನು ಒಂದೊಂದೇ ಸುತ್ತು ಕೈಯಿಂದ ಜೋಡಿಸುತ್ತ ಕೂತಿದ್ದಳು. "ಹಂಗ ಕತ್ತೆ ದುಡದಂಗ ದುಡೀಬ್ಯಾಡ" ಎಂದು ಇವನೇ ಹೇಳಿಕೊಟ್ಟಿದ್ದ. ಚಲನೆಯನ್ನು ಒಂದು ಸಲ ಸರಿಯಾಗಿ ಮಾಡು. ಅದರ ಮೇಲೆ ಕಂಪ್ಯೂಟರಿಗೆ ಒಂದು ಸಾಲಿನ ಆಜ್ಞೆ, ಅಂದರೆ ಎಕ್ಸ್‌ಪ್ರೆಶನ್ ಬರೆ. ಬೇಕಾದಷ್ಟು ಹೊತ್ತು ಅದು ತಾನೇ ಓಡುತ್ತದೆ. ಚಕ್ರವಾದರೆ ಮುಗಿದ ಕೂಡಲೆ ಮತ್ತೆ ಮೊದಲಿನಿಂದ ಶುರುಮಾಡಿಸು, ಅದು ಸೈಕಲ್. ಆದರೆ ಮೊದಲು ಕಡೆ ಒಂದಕ್ಕೊಂದು ಕೂಡದಿದ್ದರೆ ನಡುವೆ ಜಗ್ಗಿದ್ದು ಕಾಣುತ್ತದೆ. ಅಂಥ ಕಡೆ ಲಾಳಿಯ ಹಾಗೆ ಹೋಗಿದ್ದನ್ನು ಬಂದ ದಾರಿಯಲ್ಲೇ ತಿರುಗಿ ತಾ. ಅದು ಪಿಂಗ್‌ಪಾಂಗ್. ಕೂಡಿಸಿದ ಜಾಗ, ಆ ಜೋಡು, ಯಾರಿಗೂ ಕಾಣುವುದಿಲ್ಲ.

ಯಾರಿಗೂ ಕಾಣುವುದಿಲ್ಲ ಎಂದು ಹೇಳಿದವನಿಗೇ ಈಗ ಕಂಡಿತ್ತು. ರುತುಜಾ ತಾನು ಕೂತಿರುವುದನ್ನು ಒಮ್ಮೆ ಚಿತ್ರೀಕರಿಸಿ, ಲೂಪ್ ಹಾಕಿ, ಕ್ಯಾಮೆರಾದ ಜಾಗದಲ್ಲಿ ಓಡಲು ಬಿಟ್ಟು ಎಲ್ಲಿಗೋ ಹೋಗಿದ್ದಳು. ಖಾಲಿ ಮಗ್ಗ!

ಕೂಡಲೆ ಫೋನ್ ಹಚ್ಚಿದ. ಅವಳು ಎತ್ತಿದಳು.

"ಏನ್ ಮಾಡಾಕತ್ತಿ?"

"ಕೆಲಸಾ ಮಾಡಾಕತ್ತೇನ್ರಿ ಸರ್. ಯಾಕ್ರಿ?"

ಅವಳ ಮಾತಿನ ಹಿಂದೆ ಎಲ್ಲೋ ಎಮ್ಮೆಯೊಂದು ಒದರಿತು. ಶಹಾಪುರದಲ್ಲಿ ಅವಳ ಮನೆಯ ಕೆಳಗೇ ಮಗ್ಗಗಳು, ಫೋನ್ ಮಾಡಿದಾಗಲೆಲ್ಲ ಖಟಖಟ ಕೇಳಿಸುತ್ತಿತ್ತು. ಈಗ ಅದರ ಸುಳಿವೇ ಇಲ್ಲ. "ಸುಮ್ನ ಮಾಡಿದೆ" ಎಂದು ಇಟ್ಟುಬಿಟ್ಟ. ಕೇಳಿದರೆ ಕಳ್ಳಿ ಎಚ್ಚೆತ್ತುಕೊಳ್ಳುತ್ತಾಳೆ, ಮಾಲು ಸಮೇತ ಹಿಡಿಯಬೇಕು ಎಂದು ಅವನ ಲೆಕ್ಕ.

ಆಮೇಲೆ ಕೂತು ಯೋಚಿಸಿದ. ಯೋಚನೆ ನೀರು ಇಳಿಜಾರಿಗೆ ಹರಿದಂತೆ ಸೀದಾ ಗಡಹಿಂಗ್ಲಜಕ್ಕೆ ಹರಿಯಿತು. ಅವಳು ಕುರ್ಚಿಯಲ್ಲಿಲ್ಲ. ಆದರೂ ದಿನಾ ಸಂಜೆ ಶಾಟ್ ಬರುತ್ತಿದೆ. ಕೆಲಸ ಬರುತ್ತಿದೆ ಎಂದರೆ ಯಾರೋ ಮಾಡುತ್ತಿದ್ದಾರೆ. ಅವಳಂತೂ ಅಲ್ಲ, ಹಾಗಾದರೆ ಸೌರಭ. ಫೌಂಡ್ರಿಯ ನಕ್ಷೆ ಅವನ ಮೇಜಿನ ಮೇಲಿದೆ. ನಾಳೆ ಫಿಲ್ಮ್ ಒಪ್ಪಿಸುವ ದಿನ. ಇವನು ಒಪ್ಪಿಸುವ ಮೊದಲೇ ಸೌರಭ ಫೌಂಡ್ರಿಯ ಬಾಗಿಲಲ್ಲಿ ನಿಂತಿರುತ್ತಾನೆ. ಬೋರ್ಡು ಇಳಿಸಿ, ಮಾಳಿಗೆ ಖಾಲಿ ಮಾಡಿ, ಬಂಧುಗಳ ಅಂಗಡಿಯಲ್ಲಿ ಕಾರಕೂನನಾಗಿ ಕೂರುವ ತನ್ನ ಚಿತ್ರ ಹರ್ಷದನ ಕಣ್ಣಿಗೆ ಕಟ್ಟಿತು.

ಫೋಲ್ಡರಿನ ಪಾಸ್‌ವರ್ಡ್ ಬದಲಾಯಿಸಿ ಅವಳನ್ನು ಹೊರಗಿಟ್ಟ. ಆಗಲೂ ಒಳಗಿನ ಶಾಟ್‌ಗಳನ್ನು ತೆರೆದು ನೋಡಬೇಕೆಂದು ಅವನಿಗೆ ಹೊಳೆಯಲಿಲ್ಲ.

ಮುಂಜಾನೆ ಬೈಕ್ ತೆಗೆದಾಗ ಮಂಗಲಬಾಯಿ ಬಾಗಿಲಿಗೆ ಬಂದರು. ಸಂಗತಿ ಕೇಳಿ, "ಆ ಹುಡಗೀಗೆ ಫೋನ್ ಮಾಡಿ ಸೀದಾ ಕೇಳಬಾರದ? ಸೌರಭಗೂ ಹಿಂಗ ಮಾಡಿದಿ" ಎಂದರು.

"ಸೌರಭಗ ಮಾಡಿದ್ದಕ್ಕ ಏನಾತು ನೋಡಿದ್ಯಲ್ಲ? ಹೋಗಿ ನಮಗ ಎದುರಾಳಿ ಆಗಿ ಅಂಗಡಿ ಹಾಕ್ಯಾನ" ಎಂದು ಹೆಲ್ಮೆಟ್ ಏರಿಸಿದ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಗೊಡವೆ ಅವನಿಗಿರಲಿಲ್ಲ.

ಶಹಾಪುರದ ಆ ಓಣಿಯಲ್ಲಿ ಮನೆಮನೆಯಿಂದಲೂ ಮಗ್ಗದ ಸದ್ದು ಬರುತ್ತಿತ್ತು. ರುತುಜಾಳ ಅತ್ತೆ ಗೌರವ್ವ ಹೊಸ್ತಿಲಲ್ಲಿ ಕೂತು ನೂಲಿನ ಉಂಡೆ ಬಿಡಿಸುತ್ತಿದ್ದಳು. ಇವನನ್ನು ಕಂಡು ಸೆರಗು ಸರಿಮಾಡಿಕೊಂಡು ಎದ್ದಳು.

"ಬರ್ರಿ ಸಾಹೇಬ್ರ, ಒಳಗ ಬರ್ರಿ. ಪ್ರಥಮೇಶ ಶಿರೋಳಿಗೆ ಕೆಲಸಕ್ಕ ಹೋಗ್ಯಾನ."

"ನನಗ ನಿಮ್ಮ ಮಗ ಬೇಕಾಗಿಲ್ಲ. ರುತುಜಾ ಎಲ್ಲಿ?"

"ತವರಮನಿಗೆ ಹೋಗ್ಯಾಳಲ್ರಿ. ಅವರವ್ವ ಬಿದ್ದ ಮರುದಿನಾನ ಹೋದ್ಲು."

ಹರ್ಷದ ಸುಳ್ಳು ಕೇಳಲು ತಯಾರಾಗಿ ಬಂದಿದ್ದ. ಎದುರಿಗೆ ನಿಜ ಬಂದು ನಿಂತಾಗ ಕಾಲು ಎಡವಿದಂತಾಯಿತು. ಒಳಗೆ ಹೋಗಿ ನೋಡಿದರೆ ಕುರ್ಚಿ ಖಾಲಿ. ಕಂಪ್ಯೂಟರಿನ ಪರದೆಯ ಮೇಲೆ ರುತುಜಾ ಕೂತು ಕೂದಲು ಸರಿಸುತ್ತಿದ್ದಳು.

"ಮತ್ತ ಇದೇನು?"

"ಇದಾ? ಇದು ನಿಮಗ ತೋರ್ಸಾಕ ಇಟ್ಟು ಹೋಗ್ಯಾಳ್ರಿ" ಎಂದಳು ಗೌರವ್ವ, ಯಾವ ಮುಚ್ಚುಮರೆಯೂ ಇಲ್ಲದೆ. "ಮುಂಜಾನೆ ನಾ ಗುಂಡಿ ಒತ್ತತೇನಿ, ಸಂಜಿಗೆ ಬಂದ್ ಮಾಡ್ತೇನಿ. ನಿನ್ನಿ ಮಗ್ಗದಾಗ ಹಾಸಿನ ನೂಲು ಹರದಿತ್ತು, ಆ ಗದ್ದಲದಾಗ ಬಂದ್ ಮಾಡೂದು ಮರತೆ. ತಪ್ಪಾತೇನ್ರಿ?"

"ನಿಮಗ ನಾಚಿಕಿ ಆಗೂದಿಲ್ಲ?"

"ನನಗ್ಯಾಕ ನಾಚಿಕ್ರಿ? ಸಾಹೇಬ್ರು ಕೇಳಿದ್ರ ಸುಳ್ಳು ಹೇಳಬ್ಯಾಡ ಅಂತ ಸೊಸಿ ಹೇಳೇ ಹೋಗ್ಯಾಳ. ಮತ್ತ ಪಾಪ, ನಿಮಗೂ ದಿನಾ ನೋಡಾಕ ಏನರ ಬೇಕಂತಲ್ರಿ." ಅಷ್ಟು ಹೇಳಿ, "ಕುಂಡ್ರಿ, ಚಹಾ ಮಾಡ್ತೇನಿ" ಎಂದು ಒಳಗೆ ಹೊರಟಳು.

ಚಹಾದ ನೆವದಿಂದ ಒಳಗೆ ಹೋಗಿ ಸೊಸೆಗೆ ಫೋನ್ ಮಾಡುತ್ತಾಳೆ ಎಂದು ಹರ್ಷದ ಊಹಿಸಿದ. ಅವಳು ನಿಜ ಹೇಳಿದ್ದೂ ಅವನಿಗೆ ಒಂದು ಪಿತೂರಿಯಂತೆಯೇ ಕಂಡಿತು. ಇಡೀ ಮನೆತನ ಸೇರಿ ಮಾಡಿದ್ದು! ಒಲೆ ಹೊತ್ತುವಷ್ಟರಲ್ಲಿ ಅವನ ಬೈಕು ಓಣಿ ದಾಟಿತ್ತು.

ಕಾಗಲ, ನಿಪ್ಪಾಣಿ, ಸಂಕೇಶ್ವರ ದಾಟಿ ಗಡಹಿಂಗ್ಲಜ ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ದಾರಿಯುದ್ದಕ್ಕೂ ಜೇಬಿನಲ್ಲಿ ಫೋನ್ ಬಡಿದುಕೊಳ್ಳುತ್ತಲೇ ಇತ್ತು. ರುತುಜಾಳ ಹೆಸರು. ಎತ್ತಲಿಲ್ಲ. ಫೋಲ್ಡರಿನ ಬಾಗಿಲು ಹಾಕಿದ್ದು ಗೊತ್ತಾಗಿ ಗಾಬರಿ ಬಿದ್ದಿದ್ದಾಳೆ, ಬೀಳಲಿ ಎಂದುಕೊಂಡ.

ಸೌರಭನ ಸ್ಟುಡಿಯೋ ಎಲ್ಲಿದೆ ಎಂದು ಅವನು ಯಾರನ್ನೂ ಕೇಳಬೇಕಾಗಲಿಲ್ಲ. ಈ ಮೊದಲೂ ಒಮ್ಮೆ ಬಂದು ದೂರದಿಂದ ನೋಡಿ ಹೋಗಿದ್ದ. ಎದುರಿನ ಚಹಾದಂಗಡಿಯಲ್ಲಿ ಕೂತು ಸ್ಟುಡಿಯೋದ ಕೆಳಗಿದ್ದ ಬೇಕರಿಯ ಪಕ್ಕದ ಮೆಟ್ಟಿಲನ್ನು ಕಾದ. ಸೌರಭ ಒಮ್ಮೆ ಕೆಳಗಿಳಿದು ಬಂದು, ಬ್ರೆಡ್ಡು ಕೊಂಡು, ಬೇಕರಿಯವನ ಜೊತೆ ನಗುತ್ತ ಮಾತಾಡಿ ಮೇಲೆ ಹೋದ. ಅವನ ನಗು ಹರ್ಷದನಿಗೆ ಸೇರಲಿಲ್ಲ. ಒಬ್ಬರ ಅನ್ನ ಕಸಿಯದೆ ಮನುಷ್ಯ ಹಾಗೆ ನಗುವುದುಂಟೆ? ಸೌರಭ ಮರೆಯಾದ ಮೇಲೆ ಹೋಗಿ ಮೆಟ್ಟಿಲ ಕೆಳಗೆ ಬಿಟ್ಟಿದ್ದ ಚಪ್ಪಲಿಗಳನ್ನು ಪರೀಕ್ಷಿಸಿದ. ಹೆಣ್ಣುಮಕ್ಕಳ ಚಪ್ಪಲಿ ಒಂದೂ ಇರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಸಮಾಧಾನಪಟ್ಟು ಮನೆಯ ದಾರಿ ಹಿಡಿಯುತ್ತಿದ್ದರು. ಹರ್ಷದ ಹಾಗೆ ಮಾಡಲಿಲ್ಲ. ಗೌರವ್ವ ಸುದ್ದಿ ಮುಟ್ಟಿಸಿದ್ದಾಳೆ, ಚಪ್ಪಲಿ ಮುಚ್ಚಿಟ್ಟಿದ್ದಾರೆ ಎಂದು ತೀರ್ಮಾನಿಸಿ ನೂಲಕ್ಕೆ ಹೊರಟ.

ಕಬ್ಬಿನ ಹೊಲಗಳ ನಡುವಿನ ರಸ್ತೆ ಮುಗಿದಲ್ಲಿ ಊರು. ರುತುಜಾಳ ತಾಯಿ, ಕಾಲು ಮುರಿದ ಬೀರವ್ವನ ಮನೆ ಎಂದರೆ ಯಾರೂ ತೋರಿಸುವಂತಿತ್ತು. ಅಂಗಳದಲ್ಲಿ ಎಮ್ಮೆ ಕಟ್ಟಿತ್ತು. ನಿನ್ನೆ ಫೋನಿನಲ್ಲಿ ಒದರಿದ್ದು ಇದೇ ಇರಬೇಕು. ಪಡಸಾಲೆಯ ಮಂಚದ ಮೇಲೆ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಒಬ್ಬ ಹೆಂಗಸು ಮಲಗಿದ್ದಳು. ಮಂಚದ ಬದಿಗೆ ನೆಲದ ಮೇಲೆ ಗೋಡೆಗೆ ಒರಗಿ, ಕಾಳಿನ ಡಬ್ಬದ ಮೇಲೆ ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡು ರುತುಜಾ ಕೂತಿದ್ದಳು. ನಿದ್ದೆಗೆಟ್ಟ ಕಣ್ಣು, ಬಾಚದ ತಲೆ. ಪರದೆಯ ಮೇಲೆ ಕೂತವಳಿಗೂ ಇವಳಿಗೂ ಅಕ್ಕತಂಗಿಯರಷ್ಟು ಮಾತ್ರ ಹೋಲಿಕೆಯಿತ್ತು.

ಅವಳು ತಲೆಯೆತ್ತಿ, "ಸರ್! ಮುಂಜಾನಿಂದ ಎಷ್ಟು ಫೋನ್ ಮಾಡೇನ್ರಿ! ಫೋಲ್ಡರ್ ತೆರೀವಲ್ದು. ಕಡೀ ಶಾಟ್ ಹೆಂಗ ಕಳಸಲಿ ಅಂತ ತಿಳೀವಲ್ದಾಗೇತಿ" ಎಂದಳು.

ಹರ್ಷದ ದಾರಿಯುದ್ದಕ್ಕೂ ಮಸೆದುಕೊಂಡು ಬಂದಿದ್ದ ಮಾತನ್ನೇ ಎಸೆದ. "ನಾಟಕಾ ಸಾಕು. ಸೌರಭ ಎಷ್ಟು ಕೊಡಾಕತ್ತಾನ ನಿನಗ?"

"ಯಾವ ಸೌರಭ್ರಿ?" ಎಂದಳು. ಆಮೇಲೆ, "ನಮ್ಮ ಸೌರಭ ಸರ್? ಅವರೇನ್ ಮಾಡಿದ್ರು?"

"ನೀ ಕುರ್ಚಿ ಬಿಟ್ಟು ಓಡಿ ಬಂದಿ. ಪಾರಿವಾಳ ಹಿಂದ ಹಿಂದ ನಡದದ್ದು ನೋಡೇನಿ ನಾ. ಹಂಗಾದ್ರ ಇಷ್ಟು ದಿನಾ ಶಾಟ್ ಮಾಡಿದವ್ರ್ಯಾರು?"

ರುತುಜಾ ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿ ಫಿಲ್ಮನ್ನು ಮೊದಲಿನಿಂದ ಓಡಿಸಿದಳು. ಅಚ್ಚುಗಳು ಸಾಲಾಗಿ ಬಂದವು. ಕಬ್ಬಿಣದ ಕುಂಡ ವಾಲಿತು, ಕೆಂಪು ಧಾರೆ ಇಳಿಯಿತು, ಕುಂಡ ಎದ್ದಿತು. ಮತ್ತೆ ಅಚ್ಚು ಬಂತು, ಮತ್ತೆ ವಾಲಿತು. ಹರ್ಷದ ಬಗ್ಗಿ ಜೋಡು ಹುಡುಕಿದ. ಎಲ್ಲೂ ಜಗ್ಗಿದ್ದು ಕಾಣಲಿಲ್ಲ. ಕುಂಡ ವಾಲುವ ಮೊದಲು ಒಂದು ಚೂರು ತಡೆಯುತ್ತಿತ್ತು, ಭಾರ ಎತ್ತುವವನು ಉಸಿರು ಹಿಡಿದ ಹಾಗೆ. ಸೌರಭನ ಕೆಲಸದಲ್ಲಿ ಆ ತಡೆ ಎಂದೂ ಇರುತ್ತಿರಲಿಲ್ಲ. ಅದು ರುತುಜಾಳದು. ಕಲಿಯುವ ಕಾಲದಿಂದಲೂ ಅವಳು ಹಾಗೆಯೇ ಮಾಡುತ್ತಿದ್ದಳು, ಯಾಕೆ ಎಂದು ಕೇಳಿದರೆ ಯಂತ್ರಕ್ಕೂ ಭಾರ ಆಗ್ತೈತಲ್ರಿ ಎನ್ನುತ್ತಿದ್ದಳು.

"ದಿನಾ ಸಂಜಿಗೆ ಒಂದೊಂದು ಕಳಿಸೇನ್ರಿ" ಎಂದಳು ರುತುಜಾ. "ಒಂದರ ತೆಗದು ನೋಡಿರೇನು?"

ಅವನು ಎಮ್ಮೆಯ ಕಡೆ ನೋಡಿದ.

"ನೋಡಿಲ್ಲ. ನೋಡಿದ್ರ ಈ ಮಾತು ಬರ್ತಿದ್ದಿಲ್ಲ. ಅವ್ವನ್ನ ನೋಡ್ಕೋತ ಕೆಲಸಾ ಮಾಡ್ತೇನಿ ಅಂತ ಬೇಡ್ಕೊಂಡೆ, ಬ್ಯಾಡ ಅಂದ್ರಿ. ನಿಮಗ ಬೇಕಾಗಿದ್ದು ನಾ ಕುಂತಿರೂದು. ಕುಂತಿರೂದನ್ನ ಕೊಟ್ಟೇನಿ, ಮುಂಜಾನಿಂದ ಸಂಜೀತನಾ. ಕೆಲಸಾ ನೀವು ಕೇಳಿದ್ದಿಲ್ಲ, ಅದನ್ನೂ ಕೊಟ್ಟೇನಿ." ಅವಳ ದನಿ ಏರಲಿಲ್ಲ. ಪೆನ್‌ಡ್ರೈವ್ ಕಿತ್ತು ಅವನ ಅಂಗೈಯಲ್ಲಿಟ್ಟಳು. "ತಗೊಳ್ರಿ. ಫಿಲ್ಮ್ ಪೂರಾ ಐತಿ. ಇವತ್ತ ಒಪ್ಪಿಸಬೇಕಲ್ರಿ."

ಹರ್ಷದ ಅಂಗಳದ ಮೂಲೆಗೆ ಹೋಗಿ ಪಾಸ್‌ವರ್ಡ್ ತಿರುಗಿ ಹಾಕಿ ಬಂದ. ಅವಳು ಅಲ್ಲಿಂದಲೇ ಫಿಲ್ಮನ್ನು ಫೌಂಡ್ರಿಗೆ ಕಳಿಸಿದಳು. ಹಳ್ಳಿಯ ನೆಟ್ಟು ತೆವಳುತ್ತ ಹೋಗಿ ಮುಟ್ಟುವ ಹೊತ್ತಿಗೆ ಸಂಜೆಯಾಗುತ್ತ ಬಂದಿತ್ತು. ನೋಡಿದ್ದೇವೆ, ಬಹಳ ಚೆನ್ನಾಗಿದೆ, ಮುಂದಿನ ಯಂತ್ರದ ಮಾತಾಡೋಣ ಬನ್ನಿ ಎಂದು ಫೌಂಡ್ರಿಯವರ ಸಂದೇಶ ಬಂತು. ಹರ್ಷದನಿಗೆ ಅಳಬೇಕೆನಿಸಿತು. ಬೋರ್ಡು ಉಳಿದಿತ್ತು.

"ಹೊತ್ತು ಮುಳುಗೂದ್ರಾಗ ಸಾಹೇಬ್ರಿಗೆ ತಾಟ ಹಾಕವಾ" ಎಂದಳು ಮಂಚದ ಮೇಲಿನಿಂದ ಬೀರವ್ವ. "ಜೈನ ಮಂದಿ, ಆಮ್ಯಾಲ ಉಣ್ಣೂದಿಲ್ಲ ಅವ್ರು."

ಮುಂಜಾನೆಯಿಂದ ಚಹಾ ಬಿಟ್ಟರೆ ಅವನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ರುತುಜಾ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ ತಂದಿಟ್ಟಳು. ಅವನು ಪಲ್ಯವನ್ನು ಬೆರಳಿನಿಂದ ಸರಿಸಿ ನೋಡುತ್ತಿದ್ದಂತೆ, "ಉಳ್ಳಾಗಡ್ಡಿ ಹಾಕಿಲ್ರಿ" ಎಂದಳು. ಅವನು ತಲೆ ತಗ್ಗಿಸಿ ತುತ್ತು ಮುರಿದ.

ಅರ್ಧ ರೊಟ್ಟಿ ಇಳಿದ ಮೇಲೆ ಮಾತು ಬಂತು. "ರುತುಜಾ, ಆದದ್ದು ಆತು. ನನ್ನದ ತಪ್ಪೈತಿ. ನಿಮ್ಮವ್ವಗ ಆರಾಮ ಆಗೂತನಾ ನೀ ಇಲ್ಲಿಂದನ ಕೆಲಸಾ ಮಾಡು. ನಾ ಏನೂ ಅನ್ನೂದಿಲ್ಲ."

ರುತುಜಾಳ ಮುಖ ಒಂದಿಷ್ಟು ಸಡಿಲಾಯಿತು. "ಮತ್ತ ಕ್ಯಾಮೆರಾ ಹಚ್ಚೂದು ಬ್ಯಾಡಲ್ರಿ?"

ಬ್ಯಾಡ ಎಂಬ ಎರಡಕ್ಷರ ಹೇಳಿದ್ದರೆ ಮುಗಿಯುತ್ತಿತ್ತು. ಹರ್ಷದ ಬಾಯಿ ತೆರೆದ. ಅಷ್ಟರಲ್ಲಿ ನೂಲದಿಂದ ಗಡಹಿಂಗ್ಲಜಕ್ಕೆ ಎಷ್ಟು ಹತ್ತಿರ ಎಂಬ ಲೆಕ್ಕ ಒಳಗೆಲ್ಲೋ ಓಡಿ, ಮಾತು ನಾಲಿಗೆಯ ಮೇಲೆ ನಿಂತಿತು. ನಿಂತದ್ದು ಒಂದೇ ಕ್ಷಣ. ಆದರೆ ತಡೆ ಎಂದರೇನು, ಅದು ಎಷ್ಟಿರಬೇಕು ಎಂಬುದನ್ನು ಗುರುತಿಸುವುದೇ ಎದುರಿಗೆ ಕೂತವಳ ಕಸುಬಾಗಿತ್ತು.

"ಬ್ಯಾಡ ಬಿಡು" ಎಂದ ಆಮೇಲೆ.

ರುತುಜಾ ನಕ್ಕಳು. ಅದರಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. ಅವನ ತಾಟಿಗೆ ಪಲ್ಯ ಬಡಿಸುತ್ತ ಕೇಳಿದಳು: "ಸರ್, ಸೌರಭ ಸರ್ ಇಲ್ಲೇ ಎಲ್ಲೋ ಅದಾರಂತಲ್ರಿ? ನೀವು ಹೆಸರು ತಗದ್ರಿ. ಅವರು ಪುಣೇಕ್ಕ ಹೋಗ್ಯಾರ ಅಂತ ತಿಳಕೊಂಡಿದ್ದೆ ನಾ."

"ಗಡಹಿಂಗ್ಲಜದಾಗ ಅದಾನ."

"ಇಷ್ಟ ಸನೇಕ? ಕೆಲಸಕ್ಕ ಮಂದಿ ತಗೋತಾರಂತೇನ್ರಿ?"

ತಗೊಳ್ಳುತ್ತಾನೆ ಎಂಬುದು ಹರ್ಷದನಿಗೆ ಗೊತ್ತಿತ್ತು. ಸೌರಭನ ಮೆಟ್ಟಿಲ ಗೋಡೆಗೆ ಅಂಟಿಸಿದ್ದ, ಕೆಲಸಕ್ಕೆ ಜನ ಬೇಕು ಎಂಬ ಚೀಟಿಯನ್ನು ಮಧ್ಯಾಹ್ನವೇ ಓದಿದ್ದ. ಬಾಯಲ್ಲಿದ್ದ ರೊಟ್ಟಿ ಎಷ್ಟು ಅಗಿದರೂ ಇಳಿಯಲಿಲ್ಲ. ಸುಳ್ಳು ಹೇಳಬಹುದಿತ್ತು. ಕಾಲು ಮುರಿದ ಆ ಹೆಂಗಸು ಮಂಚದಿಂದ, ಸಾವಕಾಶ ಉಣ್ರಿ, ನೀರು ಕುಡೀರಿ ಎನ್ನುತ್ತಿದ್ದಳು.

"ತಗೋತಾನ" ಎಂದ.

"ಎಲ್ಲಿ ಬರ್ತೈತ್ರಿ ಅವರ ಆಫೀಸು?"

ಬೇರೆ ಯಾರನ್ನು ಕೇಳಿದ್ದರೂ ಇಷ್ಟು ಕರಾರುವಾಕ್ಕಾಗಿ ಹೇಳುತ್ತಿರಲಿಲ್ಲ.

"ಸ್ಟ್ಯಾಂಡಿನಿಂದ ಬಂದು ಬಲಕ್ಕ ಹೊಳ್ಳು. ಚಹಾದಂಗಡಿ ಎದರಿಗೆ ಒಂದು ಬೇಕರಿ ಐತಿ, ಅದರ ಮ್ಯಾಲಿನ ಮಾಳಿಗಿ. ಎಡಗಡೆ ಮೆಟ್ಟಲಾ ಹತ್ತು. ಚಪ್ಪಲಿ ಕೆಳಗ ಬಿಡಬೇಕು."

ರುತುಜಾ ತಲೆಯಾಡಿಸಿ, ಬಿಸಿ ರೊಟ್ಟಿ ತರಲು ಒಳಗೆ ಹೋದಳು.